ಗೋಡೆ ತುಂಬುವವರೆಗೆ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಹೇಗಿದ್ದೀಯ? ಬೆಳಿಗ್ಗೆ ಎದ್ದರೆ ಬಣ್ಣದ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಬಣ್ಣ ಬಳಿಯುವವನನ್ನು ಕಟ್ಟಿಕೊಂಡ ಮೇಲೆ ಅದು ಇದ್ದದ್ದೇ. ಡಬ್ಬಿಗಳನ್ನು ಮನೆಯೊಳಗೆ ಇಡಬೇಡ ಎಂದು ಅವನಿಗೆ ಹೇಳು, ಕಿಟಕಿ ತೆಗೆದಿಡು, ಖಾಲಿ ಹೊಟ್ಟೆಯಲ್ಲಿ ಓಡಾಡಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಆಗಾಗ ಮಾತಾಡುತ್ತದೆ, ನಾನು ಉತ್ತರ ಕೊಡುವುದಿಲ್ಲ. ನಿನ್ನ ತಮ್ಮ ಗುಂಡಗಾಗಿದ್ದಾನೆ. ಇಷ್ಟು ದಿನ ಇಲ್ಲದ ಕಾಗದ ಈಗೇಕೆ, ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ಬೈದರೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಕರೆಯದೆ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದು ನೀನು ಹೊರಟ ದಿನ ಹೇಳಿದ್ದೆ, ಆ ಮಾತನ್ನು ನಾನೇನೂ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಕೇಳಬೇಕಾದದ್ದು ಒಂದೇ. ಹಿತ್ತಲ ಕೋಣೆಯ ಬೀಗದ ಕೈ ನಿನ್ನ ಹತ್ತಿರವಾಗಲಿ ನಿನ್ನ ಗಂಡನ ಹತ್ತಿರವಾಗಲಿ ಇದೆಯೇ? ಇದ್ದರೆ ಇದೆ ಎನ್ನು. ಸುತ್ತಿ ಬಳಸಿ ಹೇಳಬೇಡ.

ಯಾಕೆ ಕೇಳುತ್ತೇನೆಂದರೆ, ಕೋಣೆಯಲ್ಲಿ ಸಾಮಾನು ಕಾಣೆಯಾಗುತ್ತಿದೆ. ಆ ಕೋಣೆಯನ್ನು ನಾನು ಹೇಗೆ ಇಟ್ಟುಕೊಂಡಿದ್ದೇನೆಂದು ನಿನಗೆ ಗೊತ್ತು. ಮರಗೆಲಸ ನಿಮ್ಮಪ್ಪನದು, ಅಚ್ಚುಕಟ್ಟು ನನ್ನದು. ಗರಗಸ, ಉಳಿ, ಕೊಡತಿ, ಬೈರಿಗೆ, ಒಂದೊಂದನ್ನೂ ಬಿಳಿ ಗೋಡೆಗೆ ಒತ್ತಿ ಹಿಡಿದು ಸುತ್ತ ಕರಿ ಗೆರೆ ಎಳೆದವಳು ನಾನು. ಯಾವುದು ಇಲ್ಲ ಎಂದು ಬಾಗಿಲಲ್ಲಿ ನಿಂತೇ ಹೇಳಬಹುದು, ಅದರ ಆಕಾರ ಬರಿದಾಗಿ ಗೋಡೆಯ ಮೇಲೆ ಬಾಯಿ ಬಿಟ್ಟುಕೊಂಡಿರುತ್ತದೆ. ಸಂಜೆ ಗೋಡೆ ತುಂಬದೆ ಯಾರಿಗೂ ತಟ್ಟೆ ಹಾಕುವುದಿಲ್ಲ ಎಂಬುದು ನನ್ನ ಕಟ್ಟಳೆ. ಒಮ್ಮೆ ನೀವಿಬ್ಬರೂ ಅಳುತ್ತಾ ಪೆನ್ಸಿಲಿಗಾಗಿ ಮರದ ಸಿಪ್ಪೆಯನ್ನೆಲ್ಲ ಕೆದಕಿದಿರಿ. ನಿಮ್ಮಪ್ಪನೂ ಹಸಿದುಕೊಂಡು ಬಗ್ಗಿ ಹುಡುಕುತ್ತಿದ್ದರು. ಪೆನ್ಸಿಲು ಅವರ ಕಿವಿಯ ಮೇಲೇ ಇತ್ತು. ಅವತ್ತು ನಾನು ನಗಲಿಲ್ಲ. ಒಳಗೆ ಹೋಗಿ ನಕ್ಕೆ.

ಒಂದು ಗೆರೆ ಮಾತ್ರ ಬರಿದಾಗಿಯೇ ಉಳಿದಿದೆ, ಅದು ನೀನು ಒಯ್ದ ಜೋಡಿಹಿಡಿಯದು. ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆಯುವ ಆ ಪುಟ್ಟ ಕೀಸುಳಿಗೆ ನಿಮ್ಮಪ್ಪ ಇಟ್ಟ ಹೆಸರು ಅದು. ಅದರ ಬಲಗಡೆ ಹಿಡಿ ಸೀಳಿದಾಗ ನಿನ್ನ ಜಡೆಗೆ ಕಟ್ಟುತ್ತಿದ್ದ ಕೆಂಪು ದಾರವನ್ನೇ ಬಿಚ್ಚಿ ಸುತ್ತಿದ್ದೆಯಲ್ಲ. ಅದನ್ನು ಅವರು ನನಗೆ ಗೊತ್ತಾಗದ ಹಾಗೆ ನಿನ್ನ ಚೀಲಕ್ಕೆ ಹಾಕಿದೆ ಎಂದುಕೊಂಡಿದ್ದರು. ನನಗೆ ಗೊತ್ತಾಗದೆ ಈ ಮನೆಯಿಂದ ಮೊಳೆಯೂ ಆಚೆ ಹೋಗುವುದಿಲ್ಲ. ನೀನು ಹೋದ ಸಂಜೆ ಕೈ ತೊಳೆದುಕೊಂಡು ಬಂದು ಕೂತು, "ಗೋಡೆ ತುಂಬಿಲ್ವಲ್ಲೇ, ಹೇಗೆ ಊಟ ಹಾಕ್ತೀಯ?" ಎಂದರು. ಅದೊಂದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಟ್ಟೆ ಹಾಕಿದೆ. ಊಟ ಮಾಡಿದರು, ಆದರೆ ಅವತ್ತಿನಿಂದ ಕೊನೆಯ ದಿನದವರೆಗೂ ಊಟಕ್ಕೆ ಮೊದಲು ಒಮ್ಮೆ ಹಿತ್ತಲ ಕೋಣೆಯ ಕಡೆ ನೋಡದೆ ಕೈ ಹಾಕಲಿಲ್ಲ. ಅವರನ್ನು ಕಳಿಸಿಕೊಟ್ಟ ದಿನ ನೀನು ಬಂದು ಗೇಟಿನ ಆಚೆಯೇ ನಿಂತು ಹೋದೆ. ನಾನು ಕರೆಯಲಿಲ್ಲ, ನೀನು ಒಳಗೆ ಬರಲಿಲ್ಲ. ನೀನು ನನ್ನ ಮಗಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಬರಿ ಜಾಗದಲ್ಲಿ ಕಬ್ಬಿಣ ಕೊಯ್ಯುವ ಗರಗಸ ತೂಗು ಹಾಕುತ್ತೇನೆ ಎಂದು ನಿನ್ನ ತಮ್ಮ ಎಷ್ಟು ಸಲ ಕೇಳಿದರೂ ನಾನು ಬಿಟ್ಟಿಲ್ಲ.

ಮೊದಲು ಹೋದದ್ದು ಅಳತೆಯ ಟೇಪು. ಮಧ್ಯಾಹ್ನದ ಊಟವಾಗಿ ನಿನ್ನ ತಮ್ಮ ಮಲಗಿದ್ದ, ನಾನು ಪೊರಕೆ ಹಿಡಿದು ಕೋಣೆಗೆ ಹೋದರೆ ಗೋಡೆಯಲ್ಲಿ ಅದರ ಗೆರೆ ಬರಿದಾಗಿತ್ತು. ಎಬ್ಬಿಸಿ ಬೈದೆ. ಅವನ ಕೈಯಲ್ಲಿ ಸಾಮಾನು ನಿಲ್ಲುವುದಿಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ, ಸುತ್ತಿಗೆಯನ್ನು ಸ್ನಾನದ ಕೋಣೆಯಲ್ಲಿ ಬಿಟ್ಟು ಬಂದ ಮಹಾನುಭಾವ ಅವನು. "ಅಮ್ಮಾ, ನಿನ್ನಾಣೆ, ಬೆಳಿಗ್ಗೆಯಿಂದ ಮುಟ್ಟೇ ಇಲ್ಲ" ಎಂದ. ಆ ರಾತ್ರಿ ತಟ್ಟೆ ಹಾಕಲಿಲ್ಲ. ಮರುದಿನ ಟೇಪು ತನ್ನ ಜಾಗದಲ್ಲಿತ್ತು. ಅದರ ಬದಲು ಮೂಲೆಮಟ್ಟ ಇರಲಿಲ್ಲ. ಅದು ಬಂತು, ಗರಗಸ ಹೋಯಿತು. ಗರಗಸ ಬಂತು, ದೊಡ್ಡ ಕೀಸುಳಿ ಹೋಯಿತು. ಹೋದದ್ದೆಲ್ಲ ಮಧ್ಯಾಹ್ನವೇ, ಒಳ್ಳೆ ಬಿಸಿಲಿನಲ್ಲಿ, ಬಾಗಿಲಿಗೆ ಬೀಗ ಇರುವಾಗ. ಬೀಗ ರಿಪೇರಿಯವನನ್ನು ಕರೆಸಿ ಹೊಸ ಬೀಗ ಹಾಕಿಸಿದೆ. ಅವನು ನನ್ನ ಮಾತೆಲ್ಲ ಕೇಳಿ, "ಕದ್ದ ಸಾಮಾನು ಒರೆಸಿ, ಸಾಣೆ ಹಿಡಿದು ವಾಪಸ್ ತಂದಿಡೋ ಕಳ್ಳನಾ? ಸಿಕ್ಕಿದ್ರೆ ನಮ್ಮನೆಗೂ ಕಳಿಸಿಕೊಡಿ ಅಮ್ಮಾ" ಎಂದು ಹಲ್ಲು ಬಿಟ್ಟ. ಕೂಲಿ ಕೊಟ್ಟು ಬೇಗ ಕಳಿಸಿದೆ. ಹೊಸ ಬೀಗ ಹಾಕಿದ ಮಧ್ಯಾಹ್ನವೇ ಉಳಿಯೂ ಅದನ್ನು ಬಡಿಯುವ ಕೊಡತಿಯೂ ಜೊತೆಯಾಗಿ ಹೋದವು. ಈಗ ನೀನೇ ಹೇಳು, ಹಳೇ ಬೀಗದ ಕೈ ಇದ್ದರೂ ಅದರಿಂದ ಏನಾಗುತ್ತಿತ್ತು? ಆದರೂ ಕೇಳುತ್ತಿದ್ದೇನೆ. ಕೇಳದೆ ಇರುವುದಕ್ಕಿಂತ ಕೇಳುವುದು ಮೇಲು.

ಸಾಣೆಯ ವಿಷಯ ಬೀಗದವನಿಗೆ ತಮಾಷೆ, ನನಗಲ್ಲ. ಬಂದ ಸಾಮಾನೆಲ್ಲ ನಿನ್ನ ತಮ್ಮನ ಕೈಯಲ್ಲಿ ಎಂದೂ ಆಗದಷ್ಟು ಹರಿತವಾಗಿ ಬರುತ್ತಿತ್ತು. ಅವನು ಉಳಿಯ ಬಾಯಿ ಹೊರಗೆ ಕಾಣುವಂತೆ ತೂಗು ಹಾಕುತ್ತಾನೆ. ವಾಪಸು ಬಂದ ಉಳಿಯ ಬಾಯಿ ಗೋಡೆಯ ಕಡೆಗಿತ್ತು. ಮಕ್ಕಳಿರುವ ಮನೆಯಲ್ಲಿ ಹಾಗೇ ಇಡಬೇಕು ಎಂದು ನೀನು ಅಂಬೆಗಾಲಿಡುವಾಗ ರೂಢಿ ಮಾಡಿಕೊಂಡವರು ಒಬ್ಬರೇ. ಹಿಡಿ ಮುಟ್ಟಿದೆ, ಈಗತಾನೆ ಕೈಯಿಂದ ಇಳಿಸಿದ ಹಾಗೆ ಬೆಚ್ಚಗಿತ್ತು. ನಾನು ಅಲ್ಲಿಂದ ಓಡಲಿಲ್ಲ. ನಿಂತು ಇಡೀ ಕೋಣೆಯನ್ನು ಇನ್ನೊಮ್ಮೆ ಗುಡಿಸಿದೆ. ಮೇಜಿನ ಕಾಲಿನ ಹಿಂದೆ ಕೀಸಿದ ಮರದ ಒಂದು ಸಿಪ್ಪೆ ಸಿಕ್ಕಿತು, ಉದ್ದಕ್ಕೆ, ಒಂದೇ ಎಳೆಯಾಗಿ, ಸುರುಳಿ ಸುತ್ತಿಕೊಂಡು. ಮೂಲೆಯಲ್ಲಿ ಪೇರಿಸಿಟ್ಟ ಹಲಗೆಗಳಲ್ಲಿ ಒಂದೂ ಕಡಿಮೆಯಾಗಿಲ್ಲ, ಯಾವುದಕ್ಕೂ ಕೀಸುಳಿ ತಾಗಿದ ಗುರುತಿಲ್ಲ. ಮರುದಿನ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು, ಗೋಡೆಯನ್ನೇ ನೋಡುತ್ತಾ ಕೂತೆ. ಕನ್ನಡಕ ಒರೆಸಿಕೊಳ್ಳಲು ತಲೆ ಬಗ್ಗಿಸಿದೆ, ಅಷ್ಟೇ. ಎತ್ತಿದಾಗ ಅಂಟಿನ ಡಬ್ಬಿ ಕಪಾಟಿನಲ್ಲಿ ಇರಲಿಲ್ಲ.

ಆಗ ನನಗೆ ಅರ್ಥವಾಯಿತು. ನಾನು ಹೈಸ್ಕೂಲಿನವರೆಗಷ್ಟೇ ಓದಿದವಳು, ಆದರೆ ಆ ಕೋಣೆಯನ್ನು ಮದುವೆಯಾದಂದಿನಿಂದ ಓದಿದ್ದೇನೆ. ಅಳೆಯುವುದು, ಗುರುತು ಹಾಕುವುದು, ಕೊಯ್ಯುವುದು, ಕೀಸುವುದು, ಹಲಗೆ ಕೂಡಿಸುವ ಹಲ್ಲು ಕೊರೆಯುವುದು, ಅಂಟು. ಸಾಮಾನು ಕಳೆದುಹೋಗುತ್ತಿಲ್ಲ ಮಗಳೇ. ಸಾಮಾನು ಕೆಲಸಕ್ಕೆ ಹೋಗುತ್ತಿದೆ. ಯಾರೋ ಏನನ್ನೋ ಮಾಡುತ್ತಿದ್ದಾರೆ, ಆ ಯಾರೋ ಯಾರು ಎಂದು ಬರೆಯಬೇಕಾಗಿಲ್ಲ. ಏನನ್ನು ಎಂಬುದೇ ಪ್ರಶ್ನೆ. ನಮ್ಮ ಬೀದಿಗೆ ನಿಮ್ಮಪ್ಪ ಮಾಡಿಕೊಡುತ್ತಿದ್ದದ್ದು ಮುಖ್ಯವಾಗಿ ಎರಡೇ, ಹುಟ್ಟಿದವರಿಗೆ ತೊಟ್ಟಿಲು, ತೀರಿಕೊಂಡವರಿಗೆ ಪೆಟ್ಟಿಗೆ. ಯಾರಾದರೂ ಬಂದು ಇಣುಕಿ ಇದೇನು ಮಾಡುತ್ತಿದ್ದೀರಿ ಎಂದರೆ, "ಅಡಿ ಹಲಗೆ ಕೂಡಿಸೋವರೆಗೂ ಎರಡೂ ಒಂದೇ ಕಣಪ್ಪಾ. ಬಾಗಿದ ಕಾಲು ಬಂದ್ರೆ ತೊಟ್ಟಿಲು, ಮುಚ್ಚಳ ಬಂದ್ರೆ ಪೆಟ್ಟಿಗೆ" ಎಂದು ನಗುತ್ತಿದ್ದರು. ಆ ನಗು ನನಗೆ ಆಗಲೂ ಹಿಡಿಸುತ್ತಿರಲಿಲ್ಲ. ಎಷ್ಟು ಉದ್ದ ಅಳೆದರು ಎಂದು ಗೊತ್ತಾಗಿದ್ದರೆ ಸಾಕಿತ್ತು, ಆದರೆ ಟೇಪು ಸುತ್ತಿಕೊಂಡೇ ವಾಪಸು ಬಂತು, ಬಾಯಿ ಬಿಡಲಿಲ್ಲ.

ಅಂಟಿನ ಡಬ್ಬಿ ಬಂದ ಮೇಲೆ ಏನೂ ಹೋಗಿಲ್ಲ. ಮುಂದೆ ಹೋಗಬೇಕಾದದ್ದು ಮುಚ್ಚಳಕ್ಕೆ ತೂತು ಹಾಕುವ ಬೈರಿಗೆ. ದಿನವೂ ಊಟವಾದ ಕೂಡಲೇ ಹೋಗಿ ಅದನ್ನೇ ನೋಡುತ್ತೇನೆ, ಅದು ಇನ್ನೂ ತನ್ನ ಜಾಗದಲ್ಲಿದೆ. ಬಾಗಿದ ಕಾಲು ಕೀಸುವುದಕ್ಕೆ ಜೋಡಿಹಿಡಿಯೇ ಬೇಕು, ಬೇರೆ ಯಾವುದರಿಂದಲೂ ಆ ಬಾಗು ಬರುವುದಿಲ್ಲ. ಅದು ನಿನ್ನ ಹತ್ತಿರ ಇದೆ. ಅಂದಮೇಲೆ ಈ ಗೋಡೆಯಿಂದ ಇನ್ನು ಆಗುವ ಕೆಲಸ ಮುಚ್ಚಳ ಒಂದೇ. ನಾನು ಹೆದರಿದ್ದೇನೆ ಎಂದುಕೊಳ್ಳಬೇಡ. ನನಗಾದರೆ ಆಗಲಿ, ಬದುಕಬೇಕಾದಷ್ಟು ಬದುಕಿದ್ದೇನೆ, ನನ್ನ ಅಳತೆ ಅವರಿಗೆ ಗೊತ್ತಿದ್ದದ್ದೇ. ಆದರೆ ನನ್ನದು ಗೊತ್ತಿದ್ದವರು ಟೇಪು ಏಕೆ ಒಯ್ದರು? ಹಾಗಾದರೆ ಅಳೆದದ್ದು ನಿಮ್ಮಿಬ್ಬರಲ್ಲಿ ಯಾರನ್ನು? ನಿನ್ನ ತಮ್ಮನ ಮೋಟಾರ್ ಸೈಕಲ್ಲಿನ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. "ಈಗ ಅದೂ ಹೋಯ್ತಾ!" ಎಂದು ತಲೆ ಹಿಡಿದುಕೊಂಡು ನಡೆದೇ ಓಡಾಡುತ್ತಿದ್ದಾನೆ, ಹೊಟ್ಟೆಯೂ ಸ್ವಲ್ಪ ಇಳಿಯಲಿ. ನಿನ್ನ ಯಾವ ಕೀಲಿಯನ್ನು ಬಚ್ಚಿಡಲಿ? ನೀನು ನನ್ನ ಕೈಗೆ ಸಿಗುವಷ್ಟು ಹತ್ತಿರ ಇಲ್ಲ. ಅದಕ್ಕೇ ಮೊದಲಲ್ಲೇ ಕೇಳಿದೆ, ಹೇಗಿದ್ದೀಯ ಎಂದು. ಆ ಹೊಟ್ಟೆ ತೊಳಸುವುದನ್ನು ಸುಮ್ಮನೆ ಬಿಡಬೇಡ, ಡಾಕ್ಟರಿಗೆ ತೋರಿಸು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆ. ಏಣಿ ಹತ್ತಬೇಡ. ರಸ್ತೆ ದಾಟುವಾಗ ಎರಡೂ ಕಡೆ ನೋಡು.

ನಿನ್ನ ಗಂಡನಿಗೆ ನಾನು ಕೇಳಿದೆ ಎಂದು ಹೇಳು. ಹೆಚ್ಚಿಗೆ ಏನೂ ಹೇಳಬೇಡ. ನಿನ್ನ ಆಯುಸ್ಸು ನನ್ನದಕ್ಕಿಂತ ಉದ್ದವಾಗಿರಲಿ, ಹೊದ್ದುಕೊಳ್ಳಲು ಬೆಚ್ಚಗಿರಲಿ, ಒಲೆ ಆರದಿರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಲಕೋಟೆಗೆ ಅಂಟು ಬೇಕಿತ್ತು, ತರಲು ಹಿತ್ತಲ ಕೋಣೆಗೆ ಹೋದೆ. ಬೈರಿಗೆ ಅಲ್ಲೇ ಇದೆ. ಇಲ್ಲೇ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹಾಗೇ ಓದಿಕೋ. ನಿನ್ನ ಬರಿ ಗೆರೆಯೊಳಗೆ ಜೋಡಿಹಿಡಿ ತೂಗುತ್ತಿದೆ. ಬಲಗಡೆ ಹಿಡಿಗೆ ಕೆಂಪು ದಾರ ಇದೆ, ಬಾಯಿ ಗೋಡೆಯ ಕಡೆಗಿದೆ, ಹಿಡಿ ಬೆಚ್ಚಗಿದೆ. ನಿನ್ನ ಮನೆಯಲ್ಲಿ ಹುಡುಕಬೇಡ, ಸಿಗುವುದಿಲ್ಲ. ಬಾಗಿದ ಕಾಲು ಕೀಸಿ ಮುಗಿಸಿ ಅವರೇ ತಂದಿಟ್ಟಿದ್ದಾರೆ. ನಿನ್ನ ಹೊಟ್ಟೆ ತೊಳಸುವುದು ಬಣ್ಣದ ವಾಸನೆಗಲ್ಲ ಕಣೇ ಪೆದ್ದಿ. ಎಷ್ಟು ತಿಂಗಳು ಎಂದು ಕಾಗದದಲ್ಲಿ ಬರೆಯಬೇಡ, ಬಂದು ಹೇಳು. ಇದನ್ನೇ ಕರೆದದ್ದು ಎಂದು ತಿಳಿದುಕೋ, ಅವನನ್ನೂ ಕರೆದುಕೊಂಡು ಬಾ. ಗೋಡೆ ತುಂಬಿದೆ. ತಟ್ಟೆ ಹಾಕಬೇಕು.