ಗೋಡೆಯ ತೂತು ಯಾತಕ್ಕೆಂದು ಹೇಳದವರಿಗೆ

ಮಾನ್ಯ ನೆರೆಹಾವಳಿ ಪ್ರದೇಶದ ಅಧಿಕಾರಿಗಳೇ,

ವಿಮೆಯವರ ತಿರಸ್ಕಾರಪತ್ರವೂ ನಿಮ್ಮ ನೋಟೀಸೂ ಸೋಮವಾರ ಒಂದೇ ಅಂಚೆಯಲ್ಲಿ ಬಂದವು. ನಮ್ಮ ಮನೆಯ ಗೋಡೆ ಬಿದ್ದದ್ದು, ಅದರಡಿ ನನ್ನ ಗಂಡ ಕ್ಲೋವಿಸ್ ಸತ್ತದ್ದು ಅವನದೇ ತಪ್ಪು ಎಂದು ಮೊದಲನೆಯದು ಹೇಳುತ್ತದೆ. ನಾನು ಬಯೂ ಪೆರ್ದ್ರಿ ಎಂಬ ಕಡಲಂಚಿನ ಹೊಳೆಯ ದಂಡೆಯ ಹನ್ನೊಂದು ಮನೆಗಳಿಗೆ ಹಾರೆ ಹಾಕಿ ಅನ್ಯರ ಆಸ್ತಿಗೆ ಹಾನಿ ಮಾಡಿದ್ದೇನೆ, ನಿಲ್ಲಿಸದಿದ್ದರೆ ಶೆರಿಫ್‌ಗೆ ಒಪ್ಪಿಸುತ್ತೇವೆ ಎಂದು ಎರಡನೆಯದು. ಹಾನಿ ಮಾಡಿದ್ದು ನಿಜ. ನಿಲ್ಲಿಸುವುದಿಲ್ಲ. ಯಾಕೆಂದು ಪತ್ರಿಕೆಯಲ್ಲೇ ಹೇಳುತ್ತೇನೆ, ನಿಮಗೊಬ್ಬರಿಗೇ ಬರೆದರೆ ಅದು ಕಡತದೊಳಗೆ ಹೋಗಿ ಮಲಗಿಬಿಡುತ್ತದೆ.

ಇಲ್ಲಿನ ಮನೆಗಳೆಲ್ಲ ಹನ್ನೆರಡು ಅಡಿ ಕಂಬಗಳ ಮೇಲಿವೆ. ಕೆಳಗಿನ ಜಾಗಕ್ಕೆ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ ಬಲೆ, ದೋಣಿಯ ಎಂಜಿನ್ನು, ಏಡಿ ಬೇಯಿಸುವ ಹಂಡೆ ಇಟ್ಟುಕೊಳ್ಳುತ್ತೇವೆ. ನೆರೆವಿಮೆಗೆ ಮನೆ ಎಷ್ಟು ಎತ್ತರದಲ್ಲಿದೆ ಎಂಬ ನಿಮ್ಮ ಕಚೇರಿಯ ಪ್ರಮಾಣಪತ್ರ ಬೇಕಷ್ಟೆ. ಅದಕ್ಕಾಗಿ ಬಂದ ನರೆತಲೆಯ ಅಳತೆಗಾರರು ಗೋಡೆಯ ಬುಡದಲ್ಲಿ ತೂತು ಕೊರೆಸಲೇಬೇಕು ಎಂದರು.

"ಯಾತಕ್ಕೆ ಸಾರ್?" ಎಂದು ಕ್ಲೋವಿಸ್ ಕೇಳಿದ.

"ಫಾರಂನಲ್ಲಿ ಕೇಳಿದ್ದಾರೆ. ಇಲ್ಲಾಂದ್ರೆ ವಿಮೆ ಕಂತು ಏರುತ್ತೆ."

"ಅಂದ್ರೆ ನೀರು ಬರ್ಲಿ ಅಂತ ನಾನೇ ಬಾಗಿಲು ತೆಗೆದಿಡ್ಬೇಕಾ?"

"ನನ್ನ ಕೆಲಸ ಅಳೆಯೋದಪ್ಪ. ಅರ್ಥ ಹೇಳೋದಲ್ಲ."

ಅರ್ಥ ಹೇಳುವುದು ಯಾರ ಕೆಲಸ ಸ್ವಾಮಿ? ಆರು ಪುಟದ ಫಾರಂ ಓದಿದೆವು. 'ಅತಿ ಕೆಳಗಿನ ನೆಲ', 'ಶಾಶ್ವತ ತೆರಪುಗಳ ಒಟ್ಟು ನಿವ್ವಳ ವಿಸ್ತೀರ್ಣ'. ಮೂವತ್ತು ವರ್ಷ ಸಮುದ್ರದ ಮೇಲೆ ಮೋಡ ಓದಿದವನಿಗೆ ನಿಮ್ಮ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಹಾಗಾಗಿ ಇಡೀ ದಂಡೆಯವರು ಮಾಡಿದ್ದನ್ನೇ ನಾವೂ ಮಾಡಿದೆವು. ತೂತು ಕೊರೆಸಿ, ಅಳತೆಯವನು ಬರುವ ದಿನ ತೆರೆದಿಡುವುದು, ಅವನ ಗಾಡಿ ತಿರುವು ದಾಟಿದ ಮೇಲೆ ಹಲಗೆ ಬಡಿಯುವುದು. ತೂತಿನಲ್ಲಿ ಹಾವು ಬರುತ್ತದೆ, ಹೆಗ್ಗಣ ಬರುತ್ತದೆ. ತೂತು ಇರುವುದು ನಿಮ್ಮ ಫಾರಮ್ಮಿಗೆ, ಹಲಗೆ ಇರುವುದು ನಮಗೆ ಎಂದುಕೊಂಡಿದ್ದೆವು.

ಆಗಸ್ಟಿನ ಚಂಡಮಾರುತದ ದಿನ ಮಧ್ಯಾಹ್ನ ಮೂರಕ್ಕೆ ಹೊರಗೆ ಎದೆಮಟ್ಟ ನೀರು. ಕ್ಲೋವಿಸ್ ಬಲೆ ತರಲು ಒಳಮೆಟ್ಟಿಲಿಳಿದ. ಕೆಳಗಿನಿಂದ ನಗುತ್ತ ಕೂಗಿದ: "ವೆರ್ನಾ, ನೋಡ್ಬಾರೇ, ಒಂದು ಹನಿ ಒಳಗೆ ಬಂದಿಲ್ಲ. ನಮ್ಮ ಗೋಡೆ ಅಂದ್ರೆ ಗೋಡೆ!" ನಾನು ಮೆಟ್ಟಿಲ ತಲೆಗೆ ಬರುವಷ್ಟರಲ್ಲಿ ಆ ಗೋಡೆ ಒಳಕ್ಕೆ ಸಿಡಿಯಿತು. ಬ್ಲಾಕುಗಳು ಅವನ ಎದೆಗೂಡನ್ನು ಒಡೆದು ಅವನನ್ನು ಎದುರು ಕಂಬಕ್ಕೆ ಜಜ್ಜಿದವು. ಬಾಯಿಂದ ರಕ್ತ ಬಂತು, ಅದರ ಮೇಲೆ ಕೆಸರುನೀರು ಹರಿಯಿತು. ಅವನ ಕೈ ಬಲೆಯನ್ನು ಬಿಟ್ಟಿರಲಿಲ್ಲ. ನಾನು ಮೇಲೆ ನಿಂತು ಕಿರುಚುತ್ತಲೇ ಇದ್ದೆ.

ಈಗ ಬಂದ ತಿರಸ್ಕಾರಪತ್ರದಲ್ಲಿ, ನಿಮ್ಮ ಕಚೇರಿಯ ವರದಿಯಿಂದಲೇ ಎತ್ತಿದ ಸಾಲುಗಳಿವೆ: 'ಹೊರಗೆ ನೀರು ತುಂಬಿ ಒಳಗೆ ಒಣಗಿದ್ದರೆ ಗೋಡೆ ಒಳಕ್ಕೆ ಒಡೆಯುತ್ತದೆ. ನೀರು ಒಳಬಂದು ಎರಡೂ ಕಡೆ ಸಮವಾಗಲೆಂದೇ ತೂತುಗಳಿರುವುದು. ಮನೆಯ ಯಜಮಾನರು ಅವನ್ನು ಮುಚ್ಚಿದ್ದರು.' ಆಹಾ, ಎಂಥ ತಿಳಿಯಾದ ಭಾಷೆ! ಮಗುವಿಗೂ ಅರ್ಥವಾಗುತ್ತದೆ. ಇಷ್ಟು ಚೆನ್ನಾಗಿ ಬರೆಯಬಲ್ಲ ನೀವು ಈ ಮೂರು ಸಾಲನ್ನು ಹೆಣ ಬೀಳುವವರೆಗೆ ಎಲ್ಲಿ ಬಚ್ಚಿಟ್ಟಿದ್ದಿರಿ?

ಅದನ್ನು ಓದುವ ಮೊದಲೇ, ಬ್ಲಾಕುಗಳೆಲ್ಲ ಒಳಕ್ಕೇ ಬಿದ್ದದ್ದು ಕಂಡಾಗಲೇ, ಹೊರಗೆ ತಡೆದ ನೀರೇ ಗೋಡೆಯನ್ನು ಒಡೆದದ್ದೆಂದು ನನಗೆ ತಿಳಿದಿತ್ತು. ಆಮೇಲೆ ಹಾರೆ ಹಿಡಿದು ಹೊರಟೆ, ಹನ್ನೊಂದು ಮನೆಗಳ ತೂತಿನ ಹಲಗೆ ಕಿತ್ತೆ. ಹನ್ನೆರಡನೇ ಮನೆಯ ಹರ್ಬಿ ನಾಕೆನ್ ಬಂದೂಕು ಹಿಡಿದು ಹೊರಬಂದ.

"ಇನ್ನೊಂದು ಮೊಳೆ ಕಿತ್ರೆ ಕಾಲಿಗೆ ಹೊಡೀತೀನಿ, ವೆರ್ನಾ. ಗಂಡನ್ನ ಕಳ್ಕೊಂಡ್ಯಂತ ನನ್ನ ಮನೆಗೆ ಹಾವು ಬಿಡ್ತೀಯಾ?"

"ಹೊಡಿ. ಕುಂಟ್ಕೊಂಡೇ ಮಿಕ್ಕಿದ್ದು ಕೀಳ್ತೀನಿ. ಹಾವು ಕಚ್ಚಿದ್ರೆ ಆಸ್ಪತ್ರೆ ಇದೆ ಕಣೋ, ಗೋಡೆ ಕಚ್ಚಿದ್ರೆ ಏನಿದೆ?"

ಅವನು ಗಾಳಿಗೆ ಗುಂಡು ಹಾರಿಸಿದ, ಹಾರೆ ಕಿತ್ತುಕೊಂಡು ನನ್ನನ್ನು ಕೆಸರಿಗೆ ತಳ್ಳಿದ. ಹಲ್ಲೊಂದು ಹೋಯಿತು. ಅವನ ಹಲಗೆ ಹಾಗೇ ಇದೆ. ಆ ಮನೆಯಲ್ಲಿ ಮೂರು ಮಕ್ಕಳಿದ್ದಾರೆ.

ನನ್ನ ಬೇಡಿಕೆ ಇಷ್ಟೆ. ಜೂನ್‌ನಲ್ಲಿ ಮತ್ತೆ ಬಿರುಗಾಳಿ ಶುರುವಾಗುವ ಮೊದಲು, ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಅಂಗಳಕ್ಕೆ ಬನ್ನಿ. ಆ ಮೂರು ಸಾಲನ್ನು ನಿಮ್ಮ ಬಾಯಿಂದ ಗಟ್ಟಿಯಾಗಿ ಹೇಳಿ. ನನ್ನ ಮಾತು ಹುಚ್ಚಿಯ ಮಾತು, ಮುದ್ರೆ ಒತ್ತುವವರ ಮಾತನ್ನು ಹರ್ಬಿ ಕೇಳುತ್ತಾನೆ. ಬರದಿದ್ದರೆ ಶೆರಿಫ್‌ರನ್ನು ಕಳಿಸಿ, ನಾನು ಹೊಸ ಹಾರೆಯೊಂದಿಗೆ ಹರ್ಬಿಯ ಗೋಡೆಯ ಬುಡದಲ್ಲೇ ಇರುತ್ತೇನೆ.

ನಿಮ್ಮ ವರದಿಯಲ್ಲಿ ಒಂದು ತಪ್ಪಿದೆ, ತಿದ್ದಿಕೊಳ್ಳಿ. ಮುಚ್ಚಿದ್ದು ಮನೆಯ ಯಜಮಾನರು ಎಂದಿದ್ದೀರಿ. ಕ್ಲೋವಿಸ್‌ಗೆ ಮನಸ್ಸಿರಲಿಲ್ಲ. "ಬಿಡೇ, ಸುಮ್ನೆ ಕೊರೆಸಿರಲ್ಲ, ಏನೋ ಕಾರಣ ಇದ್ದೀತು" ಎಂದ. ಹಂಡೆಯ ಹಿಂದೆ ಹಾವು ಕಂಡಿದ್ದ ನಾನು, "ಕಾರಣ ಕಟ್ಕೊಂಡು ನಂಗೇನಾಗ್ಬೇಕು, ಬಡಿ" ಎಂದೆ. ಅವನು ಬಡಿದ.

ಇಂತಿ,
ಪಕ್ಕದಲ್ಲಿ ನಿಂತು ಮೊಳೆಗಳನ್ನು ಒಂದೊಂದಾಗಿ ಅವನ ಕೈಗಿಟ್ಟ
ವೆರ್ನಾ ಡಾರ್ಡಾರ್