ಫ್ಯಾಕ್ಟರಿ ಧೂಳಿಗೆ ಮನೆಯೊಳಗೆ ಜಾಗವಿಲ್ಲ

ರೀ,

ಈ ಚೀಟಿ ಓದ್ತಾ ಬಾಗಿಲಲ್ಲೇ ನಿಲ್ಲಿ. ಬ್ಯಾಟರಿ ಫ್ಯಾಕ್ಟರಿಯ ಅಂಗಿ, ಪ್ಯಾಂಟು, ಬೂಟು ಎಲ್ಲಾ ಹೊರಗಿನ ಬಕೆಟ್ಟಿಗೆ ಹಾಕಿ. ಟವೆಲ್ ಕಿಟಕಿ ಮೇಲಿದೆ. ಪಕ್ಕದ ಮನೆ ಅಜ್ಜಿ ನಕ್ಕರೆ ನಗಲಿ.

ನಿಮ್ಮ ರಕ್ತದಲ್ಲಿರೋ ಬ್ಯಾಟರಿ ಸೀಸ ನಮ್ಮ ಪುಟ್ಟಿಯ ರಕ್ತದಲ್ಲೂ ಇದೆಯಂತೆ, ಡಾಕ್ಟರಮ್ಮ ಹೇಳಿದ್ರು. ಎರಡು ವರ್ಷದ ಮಗು ನಿಮ್ಮ ಜೊತೆ ಡ್ಯೂಟಿಗೆ ಬರುತ್ತಾ? ನಿಮ್ಮ ಬಟ್ಟೆಯ ಧೂಳೇ ಮನೆಗೆ ಬರ್ತಿದೆ. ಅವಳಿಗೆ ಅಪ್ಪನ ಮೂಗು ಬಂದಿದ್ದೇ ಸಾಕಿತ್ತು! ಇನ್ಮೇಲೆ ಧೂಳು ತಾಗದಿದ್ರೆ ಕಡಿಮೆ ಆಗುತ್ತಂತೆ.

ತಲೆಗೂ ಸೋಪು ಹಚ್ಚಿ ಸ್ನಾನ ಮಾಡಿ, ಆಮೇಲೆ ಅಕ್ಕನ ಮನೆಯಿಂದ ಅವಳನ್ನ ಕರ್ಕೊಂಡು ಬನ್ನಿ.

ಫ್ಯಾಕ್ಟರಿಯ ಸ್ನಾನದ ಕೋಣೆಗೆ ವರ್ಷದಿಂದ ಬೀಗ ಅಂತ ಗೊಣಗ್ತೀರಲ್ಲ, ಕೇಳೋಕೆ ಮಾತ್ರ ನಿಮ್ಮ ಕೆಲಸಗಾರರಲ್ಲಿ ಒಬ್ಬರಿಗೂ ಬಾಯಿಲ್ಲ. ನಾವು ಹನ್ನೊಂದು ಜನ ಹೆಂಡತಿಯರು ಮ್ಯಾನೇಜರ್ ಹತ್ತಿರ ಹೊರಟಿದ್ದೀವಿ. ಬೀಗ ತೆಗೆಯೋವರೆಗೂ ಅಲ್ಲಿಂದ ಏಳಲ್ಲ. ರಾತ್ರಿ ಅಡುಗೆ ನಿಮ್ಮದೇ.