ಚಮನಸಾಬರು ತಂದ ಸ್ಯಾಂಪಲ್

ಬ್ಯಾಡಗಿ
೧೨ ಫೆಬ್ರುವರಿ ೧೯೮೮

ಅಪ್ಪಾ, ನಿಮ್ಮ ಫಕ್ಕೀರೇಶನ ನಮಸ್ಕಾರಗಳು.

ಕುಮಾರಪಟ್ಟಣದ ಹೊಳೆಗಾಳಿಗೆ ನಿಮ್ಮ ಕೆಮ್ಮು ಇಳಿಯಿತೇ? ತಂಗಿ ಶೇಖವ್ವ, ಅವಳ ಗಂಡ, ಕೂಸು ಆರಾಮವೇ? ಡಾಕ್ಟರನೆಂದು ಊರೆಲ್ಲ ನನಗೆ ನಾಲಿಗೆ ಚಾಚಿ ತೋರಿಸುತ್ತದೆ. ನೀವು ಮಾತ್ರ "ಮಗನ ಮುಂದ ಅಂಗಿ ಬಿಚ್ಚಿ ಕುಂದರ್ಲೇನು? ಇದು ಮೆಣಸಿನಕಾಯಿ ಘಾಟು, ಹೋಗಲೇ" ಎಂದು ಬಸ್ಸು ಹತ್ತಿದಿರಿ.

ಆ ಘಾಟಿನದೇ ತೊಂದರೆ ನೋಡಿ. ಸುಗ್ಗಿಯಲ್ಲಿ ಇಲ್ಲಿ ಕೆಮ್ಮದವರೇ ಇಲ್ಲ. ದವಾಖಾನೆಯ ಬಾಗಿಲು ತೆರೆದರೆ ರೋಗಿಗಳಿಗಿಂತ ಮೊದಲು ಘಾಟು ಒಳಗೆ ಬರುತ್ತದೆ. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಅವರು ಕೆಮ್ಮುತ್ತಾರೆ, ನಾನು ಸೀನುತ್ತೇನೆ. ಯಾವುದು ಘಾಟಿನ ಕೆಮ್ಮು, ಯಾವುದು ಕ್ಷಯದ್ದು ಎಂದು ಕಿವಿಯಿಂದ ಹೇಳಲಾಗದು. ಕಫ ಪರೀಕ್ಷೆಯೇ ಆಗಬೇಕು. ನಿಮ್ಮ ಗೆಳೆಯ, ಮೆಣಸಿನಕಾಯಿ ದಲಾಲಿ ಚಮನಸಾಬರಿಗೂ ಡಬ್ಬಿ ಕೊಟ್ಟು, "ಮುಂಜಾನೆ ಎದ್ದಕೂಡ್ಲೇ ಕಫದ ಸ್ಯಾಂಪಲ್ ತರ್ರಿ" ಎಂದಿದ್ದೆ. ತಂದರು. ಅದರಲ್ಲಿ ಕ್ಷಯದ ಕ್ರಿಮಿಗಳು ಧಾರಾಳವಾಗಿದ್ದವು. ಸೂಜಿ, ಗುಳಿಗೆ ಶುರು ಮಾಡಿದೆ. ಆದರೆ ಮನುಷ್ಯ ಗುಂಡುಕಲ್ಲಿನಂತಿದ್ದಾರೆ. ಜ್ವರವಿಲ್ಲ, ತೂಕ ಇಳಿದಿಲ್ಲ. ಹಾವೇರಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಎದೆ ತೊಳೆದಿಟ್ಟ ತಾಟಿನಂತೆ ಸ್ವಚ್ಛ. ನನ್ನೆದುರೇ ಉಗುಳಿಸಿದ ಕಫದಲ್ಲೂ ಏನೂ ಇಲ್ಲ. ಪರೀಕ್ಷೆ ಮಾಡುವ ಮಾಲತೇಶಪ್ಪನ ಮೇಲೆ ರೇಗಿದೆ. "ಕಂಡದ್ದು ಬರದೇನ್ರಿ ಸಾಹೇಬ್ರ. ಹುಳಾ ನಾ ಸಾಕಿದ್ದೇನ್ರಿ?" ಎಂದ.

ನಿನ್ನೆ ಚಮನಸಾಬರನ್ನೇ ಕೂರಿಸಿ ಕೇಳಿದೆ. ಸೂಜಿ ಕಂಡದ್ದೇ ಬಾಯಿಬಿಟ್ಟರು. "ಡಾಕ್ಟರ್‌ರ, ಸ್ಯಾಂಪಲ್ ಅಂದ್ರ ಚೊಲೋದು ಆರಿಸಿ ತರಬೇಕಲ್ರಿ? ನಂದು ಬರೇ ನೀರು, ಅದನ್ನ ಹೆಂಗ ತೋರಿಸ್ಲಿ? ಮಾರ್ಕೆಟ್ಟಿನ್ಯಾಗ ಒಂದನೇ ನಂಬರ್ ಕೆಮ್ಮು ಯಾರದೈತಿ, ಅವರ ಕಡೆ ಇಸಗೊಂಡು ಬಂದೆ." ಜೀವಮಾನವೆಲ್ಲ ಚೀಲ ಬಿಚ್ಚಿ ಒಳ್ಳೆಯ ಕಾಯಿ ಆರಿಸಿ ತೋರಿಸಿದ ಕೈ, ಇನ್ನೇನು ಮಾಡೀತು! ಯಾರ ಕೆಮ್ಮು ಎಂದರೆ, "ಹೆಸರ ಕೇಳಬ್ಯಾಡ್ರಿ, ಆಣಿ ಹಾಕ್ಯಾರ" ಎಂದು ಟೊಪ್ಪಿಗೆ ಸರಿಮಾಡಿಕೊಂಡರು.

ನಗು ಬಂತು. ಆದರೆ ರೋಗವಿಲ್ಲದವರಿಗೆ ಸೂಜಿ ಚುಚ್ಚುತ್ತಿದ್ದೇನೆ. ಇದ್ದವರು ಎಲ್ಲೋ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಮ್ಮುತ್ತಿದ್ದಾರೆ. ಇವತ್ತು ಮಾರ್ಕೆಟ್ಟಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೆಮ್ಮಿಸಿ ಬಂದೆ. ಒಂದನೇ ನಂಬರಿಗೆ ಭಾರೀ ಪೈಪೋಟಿ ಇದೆ.

ಶೇಖವ್ವನಿಗೆ ಹೊಸ ಖಾರಪುಡಿ ಕಳಿಸುವೆನೆಂದು ಹೇಳಿ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಮಗ,
ಫಕ್ಕೀರೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಚಮನಸಾಬರ ಹೆಂಡತಿ ಬಿಬಿಜಾನ್ ಬಂದರು. "ಆಣಿ ಅವರಿಗೆ ಹಾಕ್ಯಾರ, ನನಗೇನು ಹಾಕಿಲ್ಲಲ್ರಿ" ಎಂದು ಹೇಳಿಯೇ ಬಿಟ್ಟರು. ಅಪ್ಪಾ, ಆ ಡಬ್ಬಿ ತುಂಬಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ತುಂಬಿಕೊಟ್ಟವರು ನೀವು. ಹೆದರಬೇಡಿ, ಈಗ ಇದಕ್ಕೆ ಗಟ್ಟಿ ಔಷಧವಿದೆ. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ಪತ್ರವನ್ನು ಅಂಚೆಗೆ ಹಾಕದೆ ಲಾರಿಯ ಅಬ್ದುಲರಜಾಕನ ಕೈಯಲ್ಲಿ ಕಳಿಸಿದ್ದೇನೆ. ಅದೇ ಲಾರಿಗೆ, ಕಿಟಕಿಯ ಪಕ್ಕ ಕುಳಿತು ಬಂದುಬಿಡಿ. ಅಂಗಿ ಬಿಚ್ಚಲೇಬೇಕು, ಡಬ್ಬಿಯನ್ನೂ ತುಂಬಬೇಕು. ಚಮನಸಾಬರು ನಿಮ್ಮ ಉಪಕಾರ ತೀರಿಸಲು ಬೆಳಿಗ್ಗೆಯಿಂದ ಕೆಮ್ಮಿ ಕೆಮ್ಮಿ ರೂಢಿ ಮಾಡಿಕೊಳ್ಳುತ್ತಿದ್ದಾರೆ, ತಮ್ಮ ಕಫ ಕೊಟ್ಟರೆ ಇಸಿದುಕೊಳ್ಳಬೇಡಿ.